ನೋವು ನಿಂತ ಮೇಲೆ

ನಾಟಕ ಕಂಪನಿಯಲ್ಲಿ ಅವನಷ್ಟು ಚೆನ್ನಾಗಿ ಸಾಯುವವರು ಇನ್ನೊಬ್ಬರಿರಲಿಲ್ಲ. ವಿಷ ಕುಡಿದಾಗಲಿ, ಕತ್ತಿಯೇಟು ತಿಂದಾಗಲಿ, ಅವನು ನೆಲಕ್ಕುರುಳಿದರೆ ಹಿಂದಿನ ಸಾಲಿನವರೂ ಮೂಗೊರೆಸಿಕೊಳ್ಳುತ್ತಿದ್ದರು. "ನರಳೋದಕ್ಕೂ ಒಂದು ಲಯ ಇದೆ ಕಣ್ರಯ್ಯಾ" ಎಂದು ಹೊಸ ನಟರಿಗೆ ಪಾಠ ಬೇರೆ ಹೇಳುತ್ತಿದ್ದ.

ಅಂಥವನಿಗೆ ಒಂದು ಬೆಳಿಗ್ಗೆ ಹೊಕ್ಕುಳ ಸುತ್ತ ನಿಜವಾದ ನೋವು ಶುರುವಾಯಿತು. 'ಅಯ್ಯೋ' ಎಂದ. ತನಗೇ ಅದು ಕಳಪೆ ಅಭಿನಯ ಅನ್ನಿಸಿ ಸುಮ್ಮನಾದ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದ. ಅದು ಹೋದಷ್ಟೇ ವೇಗದಲ್ಲಿ ವಾಪಸ್ ಬಂತು. ಸಂಜೆಯ ಹೊತ್ತಿಗೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು ಅಲ್ಲೇ ಠಿಕಾಣಿ ಹೂಡಿತು. ಊಟದ ವಾಸನೆಯೇ ಆಗದು.

"ಆಸ್ಪತ್ರೆಗೆ ಹೋಗೋಣ ನಡೀರಿ" ಎಂದಳು ಹೆಂಡತಿ. ಅವಳು ಅದೇ ಕಂಪನಿಯಲ್ಲಿ ಬಟ್ಟೆ ಹೊಲಿಯುವವಳು.

"ಗ್ಯಾಸ್‌ಗೆಲ್ಲ ಹೋದ್ರೆ ಡಾಕ್ಟ್ರು ನಗ್ತಾರೆ ಕಣೇ."

ಮರುದಿನ ರಿಹರ್ಸಲ್‌ನಲ್ಲಿ ರಾಜನಾಗಿ ಸೊಂಟ ಬಗ್ಗಿಸಿಕೊಂಡೇ ಓಡಾಡಿದ. "ರಾಜ ಇಷ್ಟು ಮುದುಕ ಅಲ್ಲಪ್ಪಾ" ಎಂದರು ನಿರ್ದೇಶಕರು. ಅಷ್ಟರಲ್ಲಿ, ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ, ನೋವು ನಿಂತುಬಿಟ್ಟಿತು.

ಅವನ ಠೀವಿ ನೋಡಬೇಕಿತ್ತು! ಎದೆಯುಬ್ಬಿಸಿ ಹೆಂಡತಿಯ ಬಳಿ ಹೋಗಿ, "ನೋಡಿದ್ಯಾ? ನನ್ನ ದೇಹ ನನಗೆ ಗೊತ್ತಿಲ್ವಾ?" ಎಂದ. ಕಾಫಿ ಬೇರೆ ತರಿಸಿದ. ಗುಟುಕು ಮಾತ್ರ ಒಳಗಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮೈ ನಡುಗತೊಡಗಿತು. ಫ್ಯಾನ್ ಜೋರಾಯಿತೆಂದು ಫ್ಯಾನನ್ನೇ ಬೈದ.

ಅವಳು ರಾಜನ ಅಂಗಿ ಬಿಗಿಮಾಡಲು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟಳು. ತಟ್ಟನೆ ಪಿನ್ನುಗಳನ್ನು ತೆಗೆದಿಟ್ಟಳು.

"ಇದೇನ್ರೀ, ಹೊಟ್ಟೆ ಹಲಗೆ ಥರ ಇದೆ! ಮೈ ಕೆಂಡ!"

"ಅದು ಕಸರತ್ತು..." ಎನ್ನಹೋದವನಿಗೆ ಕೆಮ್ಮು ಬಂತು. ಹೊಟ್ಟೆಯ ತುಂಬ ಬೆಂಕಿ ಹೊತ್ತಿಕೊಂಡಂತಾಗಿ ಕಣ್ಣು ಕತ್ತಲಿಟ್ಟಿತು. ಕುಸಿದ. ನೆರೆದವರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು.

"ನಾಟಕ ಅಲ್ರೋ, ಟ್ಯಾಕ್ಸಿ ಕರೀರಿ!" ಎಂದು ಅವಳು ಕೂಗಿದ ಮೇಲೆಯೇ ಅವರಿಗೆ ಗಾಬರಿಯಾದದ್ದು.

ಅಂಟಿಸಿದ ಮೀಸೆಯಲ್ಲೇ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ರಾಜನ ಹೊಟ್ಟೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಡಾಕ್ಟರಮ್ಮ ಹೇಳಿದರು: "ಅಪೆಂಡಿಕ್ಸ್ ಒಡೆದಿದೆ. ಈಗಲೇ ಆಪರೇಷನ್ ಆಗ್ಬೇಕು."

"ಮತ್ತೆ ನೋವು ನಿಂತಿತ್ತಲ್ಲಾ ಡಾಕ್ಟ್ರೇ?"

"ಒಡೆದಾಗ ಒತ್ತಡ ಇಳಿದು ಸ್ವಲ್ಪ ಹೊತ್ತು ಹಾಯೆನಿಸಬಹುದು. ಆಮೇಲೆ ಕೀವು ಹೊಟ್ಟೆಯೆಲ್ಲ ಹರಡುತ್ತೆ. ಇನ್ನೂ ತಡವಾಗಿದ್ರೆ ಜೀವಕ್ಕೇ ಅಪಾಯ ಇತ್ತು. ನೋವು ನಿಂತಾಗ ಏನ್ಮಾಡಿದ್ರಿ?"

"ಕಾಫಿ ತರಿಸ್ದೆ" ಎಂದ ಅವನು, ಮೀಸೆಯ ಮರೆಯಲ್ಲಿ.

ಬದುಕಿದ. ಹೊಟ್ಟೆಯಿಂದ ಕೊಳವೆ ಇಳಿಬಿಟ್ಟುಕೊಂಡು ಬಹಳ ದಿನ ಮಲಗಬೇಕಾಯಿತು. ಒಂದು ಮಧ್ಯಾಹ್ನ ಪಕ್ಕದ ಹಾಸಿಗೆಯವನು, "ಅಬ್ಬಾ, ನೋವು ಪೂರ್ತಿ ಹೋಯ್ತು" ಎಂದದ್ದೇ ತಡ, ಇವನು ಗಂಟೆಯ ಗುಂಡಿ ಒತ್ತಿ ಹಿಡಿದ. "ಸಿಸ್ಟರ್! ಬೇಗ ಬನ್ನಿ! ಒಡೆದುಹೋಯ್ತು!"

ಓಡಿಬಂದ ನರ್ಸ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅವರದು ಕಾಲು ಮುರಿದಿರೋದು. ಈಗ ತಾನೇ ಇಂಜೆಕ್ಷನ್ ಕೊಟ್ಟಿದ್ದೀನಿ."

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಅವನಿಗೂ ನಗು ಬಂತು; ಹೊಲಿಗೆ ಎಳೆದು ಪ್ರಾಣ ಹೋದಂತಾಯಿತು.

"ನೋವಾಯ್ತಾ?" ಎಂದಳು.

"ತುಂಬಾ" ಎಂದ, ಒಂದಿಷ್ಟೂ ನಾಚದೆ.