ಭಂಡಾರದ ಜಳಕ

ಸ್ಪರ್ಧೆ ಶುರುವಾದ ದಿನವೇ ನಿಂಗರಾಜ ಮಾಡಬಾರದ ಕೆಲಸ ಮಾಡಿದ್ದ. ತನ್ನೂರು ಮರೋಳಕ್ಕೆ ಫೋನ್ ಹಚ್ಚಿ, "ಯವ್ವಾ, ಈ ಸಲ ಸ್ಟೇಜಿನ ಮ್ಯಾಲೆ ನನಗ ಶೀಲ್ಡ್ ಕೊಡ್ತಾರ. ನೋಡಾಕ ಬಾ," ಎಂದುಬಿಟ್ಟಿದ್ದ. ಕುರಿ ಹಿಂಡಿನ ಹಿಂದೆ ಜೀವ ಸವೆಸಿದ ಲಗಮವ್ವ ಮಗನ ಹೆಸರನ್ನು ಮೈಕಿನಲ್ಲಿ ಕೇಳಿದ್ದು ಒಂದೇ ಸಲ. ಅದೂ ಅವನು ಸಣ್ಣವನಿದ್ದಾಗ ಕೂಡಲಸಂಗಮದ ಜಾತ್ರೆಯಲ್ಲಿ ಕಳೆದುಹೋಗಿದ್ದಕ್ಕೆ. ಅವಳು ಆ ಸಂಜೆಯೇ ಓಣಿಗೆಲ್ಲ ಸುದ್ದಿ ಹಬ್ಬಿಸಿದಳು. ಇನ್ನು ಸೋಲುವ ಹಾಗೇ ಇರಲಿಲ್ಲ.

ಬಾಗಲಕೋಟೆಯ ಹೊರಗಿದ್ದ ಆ ಕಾಲೇಜಿಗೆ ಹುಡುಗರದೊಂದು, ಹುಡುಗಿಯರದೊಂದು ಹಾಸ್ಟೆಲ್. ಒಂದು ತಿಂಗಳು ಯಾರು ಕಡಿಮೆ ಕರೆಂಟು, ಕಡಿಮೆ ನೀರು ಬಳಸುತ್ತಾರೋ ಅವರಿಗೆ ಶೀಲ್ಡು. ಕೊನೆಯ ದಿನ ಸಮಾರಂಭಕ್ಕೆ ಮುಂಚೆ ಮೀಟರು ನೋಡುವುದು. ಹುಡುಗರ ಸೆಕ್ರೆಟರಿ ನಿಂಗರಾಜನಾದರೆ, ಹುಡುಗಿಯರಿಗೆ ಇಳಕಲ್ಲಿನ ನೇಕಾರರ ಮನೆಯ ಸುಮಾ.

ಕರೆಂಟಿನ ವಿಷಯದಲ್ಲಿ ಹುಡುಗರು ಬೇಗ ಪಳಗಿದರು. ಮೊಬೈಲುಗಳು ಲೈಬ್ರರಿಯಲ್ಲಿ ಹೊಟ್ಟೆ ತುಂಬಿಸಿಕೊಂಡವು. ಫ್ಯಾನು ಬಂದ್ ಮಾಡಿ ಒಬ್ಬರಿಗೊಬ್ಬರು ರಟ್ಟು ಬೀಸಿದರು. ನಿಂಗರಾಜನ ರೂಮಿನ ಮಹಾಂತೇಶ ನಸುಕಿನಲ್ಲಿ ದೀಪ ಹಾಕದೆ, ಪೇಸ್ಟೆಂದು ಮಂಡಿನೋವಿನ ಮುಲಾಮಿನಿಂದ ಹಲ್ಲುಜ್ಜಿ, ಸಂಜೆಯವರೆಗೆ ಬಾಯಿ ತೆರೆದುಕೊಂಡೇ ಓಡಾಡಿದ.

ನೀರು ಮಾತ್ರ ಮಾತು ಕೇಳಲಿಲ್ಲ. ಆ ಬಿಸಿಲಿನಲ್ಲಿ ಜಳಕ ಬಿಡುವುದೆಂದರೆ ಹುಡುಗಾಟವೇ? ಬಿಟ್ಟ ಸ್ವಲ್ಪ ದಿನಕ್ಕೇ ಮೆಸ್ಸಿನ ಬೆಕ್ಕು ಹುಡುಗಿಯರ ಹಾಸ್ಟೆಲಿಗೆ ಗುಳೆ ಹೋಯಿತು.

ಆಗ ನಿಂಗರಾಜನ ಕಣ್ಣು ಟ್ರಂಕಿನಲ್ಲಿದ್ದ ದೊಡ್ಡ ಡಬ್ಬಿಯ ಮೇಲೆ ಬಿತ್ತು. ಪರೀಕ್ಷೆಗೆ ಹೋಗುವಾಗ ಹಣೆಗೆ ಹಚ್ಚಿಕೊಳ್ಳಲೆಂದು ಅವ್ವ ಕಳಿಸಿದ್ದ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ. ಮಗನ ಅಂಕಗಳನ್ನು ಬಲ್ಲವಳು, ಧಾರಾಳವಾಗಿಯೇ ಕಳಿಸಿದ್ದಳು.

"ನಮ್ಮ ಬೀರಪ್ಪನ ಗುಡಿಯಾಗ ಮೈಮ್ಯಾಲೆ ಭಂಡಾರ ಬಿತ್ತಂದ್ರ ಮುಗೀತಲೇ," ಎಂದ. "ಆಮ್ಯಾಲೆ ಜಳಕ ಆತೇನು ಅಂತ ಯಾರೂ ಕೇಳಂಗಿಲ್ಲ. ಇದನ್ನ ಹಚ್ಚಿಗೊಳ್ಳೂನು. ನಾತಾನೂ ಹೋಗತೈತಿ, ನೀರೂ ಉಳಿತೈತಿ."

"ಖರೆ ಐತಿ," ಎಂದು ಮಹಾಂತೇಶ ಅಂಗಿ ಬಿಚ್ಚಿಯೇ ನಿಂತ.

ಮರುದಿನದಿಂದ ಇಡೀ ಹಾಸ್ಟೆಲಿಗೆ ಭಂಡಾರದ ಜಳಕ. ಡಬ್ಬಿ ಬರಿದಾದ ಮೇಲೆ ಮೆಸ್ಸಿನ ಅರಿಷಿಣಕ್ಕೂ ಕೈ ಹಾಕಿದರು. ಸಾರು ಬೆಳ್ಳಗಾಯಿತು, ಹುಡುಗರು ಹಳದಿಯಾದರು. ಕುಳಿತ ಬೆಂಚು, ಮುಟ್ಟಿದ ಪುಸ್ತಕ, ಒರಗಿದ ಗೋಡೆ ಎಲ್ಲ ಹಳದಿ.

"ಏನ್ರಿ ಸೆಕ್ರೆಟರಿ, ಮದವಿ ಯಾವಾಗ?" ಸುಮಾ ಮೂಗಿಗೆ ದುಪಟ್ಟಾ ಹಿಡಿದು ಕೇಳಿದಳು. "ಇಡೀ ಹಾಸ್ಟೆಲ್ಲಿಗೇ ಅರಿಷಿಣ ಹಚ್ಚ್ಯಾರ, ಹೆಣ್ಣು ಎಲ್ಲಿಂದ ತರ್ತೀರಿ?"

"ನಗ್ರಿ, ನಗ್ರಿ. ಶೀಲ್ಡ್ ಕೈಗೆ ಬಂದಾಗ ನಾವೂ ನಗ್ತೇವಿ."

ಆಕೆಯ ಉಪಾಯದಲ್ಲಿ ರಂಗು ರುಚಿ ಏನೂ ಇರಲಿಲ್ಲ. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲವನ್ನೂ ಡ್ರಮ್ಮಿನಲ್ಲಿ ತುಂಬಿಟ್ಟು, ನೆಲ ಒರೆಸಲು, ಗಿಡಕ್ಕೆ ಹಾಕಲು ಬಳಸುತ್ತಿದ್ದಳು. ನಿಂಗರಾಜನಿಗೆ ಪಾಪ ಅನ್ನಿಸಿತು.

ಕೊನೆಯ ದಿನ ಬೆಳಿಗ್ಗೆ ಹುಡುಗರೇ ಬಹಳ ಮುಂದಿದ್ದರು. ನಿಂಗರಾಜ ಭಾಷಣ ಉರು ಹೊಡೆಯುತ್ತಿದ್ದಾಗ ರಜೆ ಮುಗಿಸಿ ವಾರ್ಡನ್ ಸಂಗಯ್ಯನವರು ಬಂದರು. ಸಾಲಾಗಿ ನಿಂತ ಹಳದಿ ಮುಖಗಳನ್ನು ನೋಡಿ ಹಣೆ ಹಣೆ ಬಡಿದುಕೊಂಡರು.

"ಅತಿಥಿಗಳು ಹೆದರಿ ಓಡಿಹೋಗ್ತಾರಪಾ! ಮೈ ತೊಕ್ಕೊಂಡು, ಬಿಳಿ ಅಂಗಿ ಹಾಕ್ಕೊಂಡು ಬರ್ರಿ. ಇಲ್ಲಾಂದ್ರ ಸ್ಟೇಜ್ ಹತ್ತೂ ಹಂಗಿಲ್ಲ."

ತಲೆಗೊಂದು ಚೊಂಬು ನೀರು ಖರ್ಚಾದರೂ ಗೆಲುವು ತಮ್ಮದೇ ಎಂದುಕೊಂಡ ನಿಂಗರಾಜ. ಹಠಮಾರಿ ಬಣ್ಣವೆಂದು ಬಟ್ಟೆ ಸೋಪನ್ನೇ ಹಂಚಿದ. ಎಲ್ಲರೂ ಗಸಗಸ ತಿಕ್ಕಿಕೊಂಡರು.

ಸೋಪು ತಾಗಿದ ಅರಿಷಿಣ ಕೆಂಪಾಗುತ್ತದೆಂದು ಊರಿನ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು. ಕೆಮಿಸ್ಟ್ರಿ ಓದುತ್ತಿದ್ದ ಇವರಿಗೆ ಯಾರು ಹೇಳಬೇಕು?

"ಲೇ ನಿಂಗ್ಯಾ, ನನಗ ರಕ್ತ ಬರಾಕತ್ತೈತಲೇ!" ಮಹಾಂತೇಶ ಕಿರುಚಿದ. ನೋಡಿದರೆ ಎಲ್ಲರೂ ಕೆಂಪು! ಗಾಬರಿಗೆ ಇನ್ನಷ್ಟು ಸೋಪು, ಸೋಪಿಗೆ ಇನ್ನಷ್ಟು ಕೆಂಪು, ಕೆಂಪಿಗೆ ಬಕೆಟ್‌ಗಟ್ಟಲೆ ನೀರು. ತಿಂಗಳಿಡೀ ಉಳಿಸಿದ ನೀರು ಮೋರಿಯಲ್ಲಿ ಕೆಂಪು ಹೊಳೆಯಾಗಿ ಹರಿಯಿತು. ಕೊನೆಗೆ ನಳ ಗೊರಗೊರ ಎಂದು ನಿಂತೇಹೋಯಿತು. ಮೇಲಿನ ಟಾಕಿ ಖಾಲಿ, ಮೈತುಂಬ ನೊರೆ.

"ನಿಂಗೂ, ಎಲ್ಲಿದ್ದೀಯೋ?"

ಅಂಗಳದಲ್ಲಿ ಲಗಮವ್ವ! ಹುನಗುಂದದ ಬಸ್ಸಿಳಿದು ನೇರ ಇಲ್ಲಿಗೇ ಬಂದಿದ್ದಳು. ಮನೆಯ ಟ್ರಂಕಿನ ತಳದಲ್ಲಿ ಜೋಪಾನವಾಗಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಚಡ್ಡಿಯಲ್ಲಿ, ನೊರೆಯಲ್ಲಿ, ಕೆಂಪು ಮೈಯಲ್ಲಿ ನಿಂತಿದ್ದ ನಿಂಗರಾಜನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳುತ್ತಲೇ ಎಲ್ಲವನ್ನೂ ಹೇಳಿದ.

"ದೇವರ ಭಂಡಾರ ಹಣಿಗೆ ಹಚ್ಚೋದೋ ಭಾಡ್ಯಾ, ಬಗಲಿಗಲ್ಲ!" ಎಂದು ಅವಳು ಬೆನ್ನಿಗೊಂದು ಕೊಟ್ಟಳು. ಆಮೇಲೆ ಗೇಟಿನಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದ ಸುಮಾಳನ್ನು ಕೂಗಿದಳು. "ಯವ್ವಾ ತಂಗಿ, ಒಂದೀಟು ನೀರು ಕೊಡ್ತೀಯೇನ?"

ಸುಮಾಳ ನಗು ನಿಂತಿತು. ನಳ ತಿರುಗಿಸಿದರೆ ಮೀಟರೂ ತಿರುಗುತ್ತದೆ. ಆದರೆ ನೀರು ಕೇಳಿದವರಿಗೆ ಇಲ್ಲವೆನ್ನುವುದು ಹೇಗೆ?

"ಬರ್ರಿ ಅವ್ವಾರ," ಎಂದವಳಿಗೆ ಡ್ರಮ್ಮಿನ ನೆನಪಾಯಿತು. "ಅಕ್ಕಿ ತೊಳದ ನೀರು ನಡೀತೈತೇನ್ರಿ?"

"ಇವಕ್ಕ ಅದ ಭಾಳಾತು."

ಲಗಮವ್ವ ಸೀರೆ ಕಚ್ಚೆ ಹಾಕಿ, ಅಂಗಳದ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಹುಡುಗರನ್ನು ಒಬ್ಬೊಬ್ಬರನ್ನೇ ಕೂರಿಸಿ, ಕುರಿ ತೊಳೆದಂತೆ ತೊಳೆದಳು. ಅದೇ ಹೊತ್ತಿಗೆ ಮೀಟರು ನೋಡಲು ಪ್ರಿನ್ಸಿಪಾಲರು, ಅತಿಥಿಗಳು ಬಂದರು. ಅವಳು ಕೈ ನಿಲ್ಲಿಸಲಿಲ್ಲ. ಕೆಂಪು ನೀರು ಸೆರಗಿಗೂ ಸಿಡಿಯಿತು. ಸೆರಗು ಮೊದಲೇ ಕೆಂಪು, ಅದಕ್ಕೇನೂ ಆಗಲಿಲ್ಲ.

ಶೀಲ್ಡು ಸುಮಾಳಿಗೆ ಹೋಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಲಗಮವ್ವ. ಪಕ್ಕದಲ್ಲಿ ನಿಂಗರಾಜ ತಲೆ ತಗ್ಗಿಸಿ ಕುಳಿತಿದ್ದ. ಓಣಿಯಲ್ಲಿ ಅವ್ವ ಏನು ಹೇಳಿಯಾಳು ಎಂಬುದೇ ಅವನ ಸಂಕಟ.

"ಯವ್ವಾ, ಇಷ್ಟು ದೂರ ನೀ ಸುಮ್ಮ ಸುಮ್ಮನ ಬರೂ ಹಂಗ ಮಾಡಿದ್ನಿ."

"ಯಾಕೋ? ಕಟ್ಟಿ ಮ್ಯಾಲೆ ಕೂಡಿಸಿ ನಿನಗ ಜಳಕ ಮಾಡಿಸಿ ಎಷ್ಟು ವರ್ಷಾಗಿತ್ತು! ಊರಾಗ ಅದನ್ನ ಹೇಳ್ತೇನಿ."

ಹಾಗೆಂದು ಅವಳು ಸೊಂಟದ ಚೀಲ ಬಿಚ್ಚಿ, ಗೆದ್ದ ಮಗನ ಹಣೆಗೆಂದು ಗುಡಿಯಿಂದ ತಂದಿದ್ದ ಹೊಸ ಭಂಡಾರವನ್ನು ಚಿಟಿಕೆ ಹಿಡಿದಳು. ಅದನ್ನು ಕಂಡದ್ದೇ ಮಹಾಂತೇಶ ಕುರ್ಚಿ ಹಾರಿ ಓಡಿದ, ಅವನ ಹಿಂದೆ ಇಡೀ ಹುಡುಗರ ಹಾಸ್ಟೆಲು.

ನಿಂಗರಾಜ ಮಾತ್ರ ಅಲ್ಲೇ ಕುಳಿತು, ಅವ್ವನ ಕಡೆಗೆ ಹಣೆ ಚಾಚಿದ.