ಮೂಡಲ ಬೇರು

ನೆಲದಿಂದ ಹೊಗೆ ಏಳುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಅಲ್ಲಿ ಒಲೆಯಿಲ್ಲ, ಕೊಳ್ಳಿಯಿಲ್ಲ, ಒಂದು ಚಿಟಿಕೆ ಬೂದಿಯೂ ಇಲ್ಲ. ಗುಡಿಸಿ ಬಿಟ್ಟ ಅಂಗಳದ ಮಣ್ಣಿನಿಂದ ಊದುಬತ್ತಿಯದಷ್ಟು ತೆಳ್ಳಗಿನ ಒಂದು ಎಳೆ ಏಳುತ್ತದೆ, ಮೊಣಕಾಲೆತ್ತರಕ್ಕೆ ಬರುತ್ತದೆ, ಇಲ್ಲವಾಗುತ್ತದೆ. ಗಾಳಿ ಕೊಂಚ ಆಡಿದರೆ ಅಷ್ಟೂ ಕಾಣುವುದಿಲ್ಲ. ಅಂಥದೊಂದು ಎಳೆಯನ್ನು ನಾನು ಒಂದು ಬೆಳಿಗ್ಗೆ ಕಂಡೆ. ಕಂಡವನು ನಾನೊಬ್ಬನೇ.

ಆಗ ನನಗೂ ಬಾವ ದೊಡ್ಡಸ್ವಾಮಿಗೂ ಹಿತ್ತಲು ಹಸನು ಮಾಡುವುದೇ ಕಸುಬು. ಮನೆಗೆ ಬೇಡವಾದ ಮರ ಇಳಿಸುವುದು, ಬೊಡ್ಡೆ ಕೀಳುವುದು, ಲಂಟಾನದ ಪೊದೆ ಸವರುವುದು, ಜೇಕು ಹುಲ್ಲಿನ ಗೆಡ್ಡೆಯನ್ನು ಕೂತು ಒಂದೊಂದಾಗಿ ಹೆಕ್ಕುವುದು. ಬಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಎರಡು ವರ್ಷ. ಮಿಕ್ಕದ್ದನ್ನೆಲ್ಲ ಅವರ ಹಿಂದೆ ಗುದ್ದಲಿ ಹೊತ್ತು ತಿರುಗಿ ಕಲಿತೆ.

ಬೊಡ್ಡೆ ಕೀಳುವುದರಲ್ಲಿ ಅವರದೊಂದು ಕ್ರಮವಿತ್ತು. ಮೊದಲು ಸುತ್ತಲೂ ಆಳವಾಗಿ ತೋಡಿ ಬೇರುಗಳನ್ನೆಲ್ಲ ಬಯಲಿಗೆ ತರಬೇಕು. ಒಂದೊಂದು ಬೇರನ್ನೂ ಗೇಣುದ್ದ ಕಡಿದು ತೆಗೆದು, ಬೊಡ್ಡೆಗೂ ನೆಲಕ್ಕೂ ಇರುವ ನಂಟು ಬಿಡಿಸಬೇಕು. ಹಾರೆ ಹಾಕಿ ಮೀಟಿದರೂ ಏಳದಿದ್ದರೆ, ಆಗ ಮಾತ್ರ ಹೊಟ್ಟು, ಬೆರಣಿ ತುಂಬಿ ಒಳಗೊಳಗೇ ಉರಿಯಲು ಬಿಡಬೇಕು. "ಬೇರು ಕಡೀದೆ ಬೆಂಕಿ ಇಟ್ರೆ ಅದು ಬೇರು ಹಿಡ್ಕೊಂಡು ಹೊಂಟೋಯ್ತದೆ ಕಣಪ್ಪ. ಎಲ್ಲಿ ತಲೆ ಎತ್ತುತ್ತೋ ಆ ಶಿವನಿಗೂ ಗೊತ್ತಿರಾಕಿಲ್ಲ" ಎನ್ನುತ್ತಿದ್ದರು. ಬೆಂಕಿ ಆರಿತೋ ಇಲ್ಲವೋ ತಿಳಿಯಲು ಅವರು ಕೈಯಿಟ್ಟು ನೋಡುವವರಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಇರುವೆಗೆ ಕಾಯುತ್ತಿದ್ದರು. ಇರುವೆ ತಳದವರೆಗೆ ಇಳಿದು ಮತ್ತೆ ಹತ್ತಿ ಬಂದರೆ ಆಯಿತು, ಮಣ್ಣು ಮುಚ್ಚಬಹುದು.

ಆ ಬೇಸಿಗೆ ನಮಗೆ ಸಿಕ್ಕಿದ್ದು ಟೀಚರಮ್ಮನ ಹಿತ್ತಲು. ಪಾಠ ಹೇಳುವ ಕೆಲಸದಿಂದ ನಿವೃತ್ತರಾಗಿ ಅವರು ಹೊಸದಾಗಿ ಕೊಂಡ ಮನೆ ಅದು. ಹಿಂದಿನವರು ನಾಲ್ಕು ವರ್ಷದ ಕೆಳಗೆ ಅಲ್ಲಿದ್ದ ಹುಣಸೆ ಮರ ಕಡಿಸಿ, ಬೊಡ್ಡೆಯನ್ನು ಹಾಗೇ ಬಿಟ್ಟು ಹೋಗಿದ್ದರು. ಅದು ಚಿಗುರಿರಲಿಲ್ಲ, ಕೊಳೆತೂ ಇರಲಿಲ್ಲ. ಒಣಗಿ ಒಣಗಿ ಕಬ್ಬಿಣವಾಗಿತ್ತು. ಕೊಡಲಿ ಹಾಕಿದರೆ ಠಣ್ಣೆಂದು ವಾಪಸು ಬರುತ್ತಿತ್ತು.

"ಇಲ್ಲೊಂದು ಹೀರೇಕಾಯಿ ಚಪ್ಪರ ಹಾಕಬೇಕು ದೊಡ್ಡಸ್ವಾಮಿ, ಇದು ರಾವಣನ ಹಾಗೆ ಕೂತಿದೆ" ಎಂದರು ಟೀಚರಮ್ಮ.

"ಏಳಿಸೋಣ ಬಿಡಿ ತಾಯಿ. ಹತ್ತು ತಲೆ ಇದ್ರೂ ಬುಡ ಒಂದೇ ತಾನೆ" ಎಂದರು ಬಾವ.

ಐದು ದಿನ ಇಬ್ಬರೂ ತೋಡಿದೆವು. ಬೇರುಗಳೆಲ್ಲ ತುಂಡಾದವು, ಒಂದರ ಹೊರತು. ಮೂಡಲ ದಿಕ್ಕಿಗೆ ಹೋಗಿದ್ದ ಬೇರು ನನ್ನ ತೊಡೆಯಷ್ಟು ದಪ್ಪ. ಕಾಂಪೌಂಡಿನ ಬುನಾದಿ ಕಲ್ಲಿನಡಿ ನುಗ್ಗಿ ಪಕ್ಕದ ಮನೆಗೆ ಹೋಗಿತ್ತು. ಅಷ್ಟರಲ್ಲಿ ಬಾವ ಊರಿಗೆ ಹೊರಡಬೇಕಾಯಿತು. ನನ್ನ ಹೆಂಡತಿಗೆ ಆಗ ಏಳು ತಿಂಗಳು, ಚೊಚ್ಚಲು. ಬಾಣಂತನಕ್ಕೆ ತವರಿಗೆ ಬಿಟ್ಟು ಬರುವ ಕೆಲಸ ಅಣ್ಣನದು.

"ಮೂರು ದಿನದಲ್ಲಿ ಬತ್ತೀನಿ. ಆ ಮೂಡಲ ಬೇರು ಕಡ್ದು ಆಮೇಲೆ ಬೆಂಕಿ ಇಡು. ಆಗ್ದೇ ಹೋದ್ರೆ ಸುಮ್ಕೆ ಕೂತಿರು, ಬಂದು ನಾನೇ ನೋಡ್ಕತೀನಿ."

ಕೊನೆಯ ಆ ಮಾತು ನನ್ನನ್ನು ಚುಚ್ಚಿತು. ಮೂವತ್ತು ತುಂಬುತ್ತಿದ್ದ ಗಂಡಸು ನಾನು, ಇನ್ನೂ ಅವರ ಗುದ್ದಲಿ ಹೊರುವವನೇ. ಬಾವ ಬರುವಷ್ಟರಲ್ಲಿ ಕೆಲಸ ಮುಗಿಸಿ ಇಡುತ್ತೇನೆ, ನೋಡಲಿ ಎಂದುಕೊಂಡೆ. ಅರ್ಧ ದಿನ ಕಲ್ಲಿನಡಿ ಕೈ ತೂರಿಸಿ ಕಡಿದೆ. ಕೊಡಲಿಯ ಬಾಯಿ ಮೊಂಡಾಯಿತು, ಅಂಗೈ ಬೊಬ್ಬೆ ಒಡೆಯಿತು. ಬೇರಿಗೆ ಬೆರಳಾಳ ಕಚ್ಚು ಬಿದ್ದಿತ್ತು, ಅಷ್ಟೇ. ಮಧ್ಯಾಹ್ನ ಗುಂಡಿಗೆ ಹೊಟ್ಟು ತುಂಬಿ, ಬೆರಣಿ ಒಟ್ಟಿ ಬೆಂಕಿ ಇಟ್ಟುಬಿಟ್ಟೆ.

ಎರಡು ಹಗಲು ಎರಡು ರಾತ್ರಿ ಅದು ಗುಳುಗುಳು ಉರಿದು ಬೊಡ್ಡೆಯನ್ನು ತಿಂದು ಹಾಕಿತು. ಮೂರನೆಯ ಬೆಳಿಗ್ಗೆ ಗುಂಡಿಗೆ ಹೊಯ್ಯಲು ನೀರು ಸೇದೋಣವೆಂದು ಪಕ್ಕದ ಮನೆಗೆ ಹೋದೆ. ಎರಡೂ ಮನೆಗೆ ಸೇರಿದ ಬಾವಿ ಇದ್ದದ್ದು ಆ ಕಡೆಯ ಅಂಗಳದಲ್ಲಿ. ಅಲ್ಲಿದ್ದವರು ಪುಟ್ಟತಾಯಮ್ಮ. ಗಂಡ ಹೋದ ಮೇಲೆ ರವಿಕೆ ಹೊಲಿದು ಬದುಕುತ್ತಿದ್ದವರು. ನಮ್ಮ ಬೀದಿಯ ಮದುವೆಗಳೆಲ್ಲ ಅವರ ಕಾಲಡಿಯ ಮಿಷನ್ನಿನಿಂದಲೇ ಹೊರಡುತ್ತಿದ್ದವು. ಕೊಡ ತುಂಬಿ ತಿರುಗಿದೆ. ಬಟ್ಟೆ ಒಣಹಾಕುವ ತಂತಿಯ ಕೆಳಗೆ ನೆಲದಿಂದ ಹೊಗೆಯ ಎಳೆಯೊಂದು ಏಳುತ್ತಿತ್ತು.

ನನಗೆ ಗೊತ್ತಾಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಾಯಿತು. ಆ ಎಳೆಯ ನೇರಕ್ಕೆ ಗೋಡೆ, ಗೋಡೆಯ ನೇರಕ್ಕೆ ನನ್ನ ಗುಂಡಿ. ತುಂಬಿದ ಕೊಡವನ್ನು ಅಲ್ಲಿಗೇ ಬಗ್ಗಿಸಿದೆ. ಚುಯ್ ಎಂದಿತು, ಹೊಗೆ ನಿಂತಿತು.

ಒಳಗಿನಿಂದ ಮಿಷನ್ ನಿಲ್ಲಿಸಿ ಪುಟ್ಟತಾಯಮ್ಮ ಕೂಗಿದರು: "ಯಾಕಪ್ಪ ಅಲ್ಲಿ ನೀರು ಹುಯ್ತಿದೀಯ?"

"ಧೂಳು ಏಳ್ತಿತ್ತು ಕಣಕ್ಕ."

"ಹಂಗೇ ಸಗಣಿ ಸಾರಿಸಿ ಒಂದು ರಂಗೋಲಿನೂ ಎಳೆದ್ಬಿಡು, ಪುಣ್ಯ ಬತ್ತದೆ" ಎಂದು ನಕ್ಕರು. ನಾನೂ ನಕ್ಕೆ.

ಹೊತ್ತು ಏರುವ ಮುಂಚೆ ಬಾವ ಬಂದರು. ಗುಂಡಿ ನೋಡಿದರು, ನನ್ನ ಅಂಗೈ ನೋಡಿದರು.

"ಮೂಡಲ ಬೇರು?"

"ಕಡ್ದೆ ಬಾವ."

ಮೂಡಲ ಮಗ್ಗುಲಿನ ಮಣ್ಣು ಆಗಲೇ ಕುಸಿದು ಮುಚ್ಚಿಕೊಂಡಿತ್ತು. ಅವರು ಕೆದಕಲಿಲ್ಲ. ನನ್ನ ಬೊಬ್ಬೆಗಳೇ ಸಾಕ್ಷಿಯಾದವು. ಅಂದೂ ಮಾರನೆಯ ದಿನವೂ ನೀರು ಹೊಯ್ದು, ಎಂದಿನಂತೆ ಅಂಚಿನಲ್ಲಿ ಕೂತರು. ಇರುವೆ ಇಳಿದವು, ಹತ್ತಿ ಬಂದವು. ಇರುವೆಯದೇನೂ ತಪ್ಪಿರಲಿಲ್ಲ, ಆ ಗುಂಡಿಯಲ್ಲಿ ಬೆಂಕಿ ನಿಜಕ್ಕೂ ಸತ್ತಿತ್ತು. ಬಾವ ತಮ್ಮ ಕೈಯಾರೆ ಮಣ್ಣು ಮುಚ್ಚಿ ತುಳಿದರು. "ಪರವಾಗಿಲ್ವೇ, ಇನ್ಮೇಲೆ ನಿನ್ನೊಬ್ಬನ್ನೇ ಕಳಿಸಬೋದು ಕೆಲಸಕ್ಕೆ" ಎಂದು ನನ್ನ ಬೆನ್ನು ತಟ್ಟಿದರು.

ಮಣ್ಣು ಮುಚ್ಚಿದ ಎಂಟನೆಯ ದಿನ ಟೀಚರಮ್ಮ ಆಳು ಕಳಿಸಿದರು. ನಾವು ಓಡಿ ಹೋಗುವಷ್ಟರಲ್ಲಿ ಪುಟ್ಟತಾಯಮ್ಮನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದರು. ತಂತಿಯ ಕೆಳಗೆ ನೆಲ ಬಾಯ್ದೆರೆದಿತ್ತು. ಒಳಗೆ ಕೆಂಡ ಮಿಣಮಿಣ ಎನ್ನುತ್ತಿತ್ತು. ಬಟ್ಟೆ ಹರವಲು ಹೋದವರ ಬಲಗಾಲು ಮೀನಖಂಡದವರೆಗೆ ಅದರಲ್ಲಿ ಇಳಿದಿತ್ತು. ಒಣಹಾಕಬೇಕಿದ್ದ ಸೀರೆ ಅಲ್ಲೇ ಮುದ್ದೆಯಾಗಿ ಬಿದ್ದಿತ್ತು.

"ಗುದ್ದಲಿ ಕೊಡು" ಎಂದರು ಬಾವ. ಆ ಕುಳಿಯಿಂದ ಗೋಡೆಯವರೆಗೆ ನೆಲ ಬಗೆದು ಕೆಂಡಕ್ಕೆಲ್ಲ ನೀರು ಹೊಯ್ದರು. ಆಮೇಲೆ ಟೀಚರಮ್ಮನ ಹಿತ್ತಲಿಗೆ ಬಂದು, ತಾವೇ ಮುಚ್ಚಿದ್ದ ಗುಂಡಿಯ ಮೂಡಲ ಮಗ್ಗುಲು ತೆಗೆದರು. ಬೇರು ಉರಿದು ಹೋದ ಜಾಗದಲ್ಲಿ ಕರ್ರಗಿನ ಒಂದು ಕೊಳವೆ ಉಳಿದಿತ್ತು, ಎಲ್ಲೂ ತುಂಡಾಗದೆ. ಬಾವ ಮಂಡಿಯೂರಿ ಅದರೊಳಗೆ ತೋಳು ತೂರಿಸಿದರು. ಭುಜದವರೆಗೂ ಹೋಯಿತು. ತೋಳು ಹೊರಗೆಳೆದು ಮಸಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ಗೋಡೆಯಾಚೆ ಜನ ಸೇರಿದ್ದರು. ಪುಟ್ಟತಾಯಮ್ಮನ ತಮ್ಮ ಒಳನುಗ್ಗಿ, "ಯಾವನೋ ಇಲ್ಲಿ ಬೆಂಕಿ ಇಟ್ಟೋನು?" ಎಂದ.

"ಮಣ್ಣು ಮುಚ್ದೋನು ನಾನು. ನಂದೇ ತಪ್ಪು" ಎಂದರು ಬಾವ.

ಅವನು ಬಾವನ ಕಪಾಳಕ್ಕೆ ಹೊಡೆದ. ಒಂದಲ್ಲ, ಎರಡು. "ನಿಮ್ಮನ್ನ ಎಷ್ಟು ನಂಬಿದ್ದೆ ದೊಡ್ಡಸ್ವಾಮಿ" ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು. ನಾನು ಗುದ್ದಲಿ ಹಿಡಿದು ನಿಂತಿದ್ದೆ. ಬಾಯಿ ತೆರೆಯಲು ಆ ಹೊತ್ತು ಸಾಕಾಗಿತ್ತು, ಬೇಕಾದಷ್ಟು ಹೊತ್ತಿತ್ತು. ತೆರೆಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಬಾವ ಆಡಿದ್ದು ಒಂದೇ ಮಾತು. "ತಂಗಿಗೆ ಇದೇನೂ ಗೊತ್ತಾಗೋದು ಬ್ಯಾಡ. ತುಂಬಿದ ಬಸುರಿ."

ಅಲ್ಲಿಂದಾಚೆ ಬಾವನನ್ನು ಯಾರೂ ಹಿತ್ತಲಿಗೆ ಸೇರಿಸಲಿಲ್ಲ. ಅವರು ಸಾಮಿಲ್ಲಿನಲ್ಲಿ ದಿಮ್ಮಿ ಹೊರಳಿಸುವ ಕೆಲಸಕ್ಕೆ ಸೇರಿದರು. ಜನ ನನ್ನನ್ನು ಕರೆಯತೊಡಗಿದರು. ನನ್ನಷ್ಟು ಜೋಪಾನದವನು ಇರಲಿಲ್ಲ. ಯಾವ ಹಿತ್ತಲಿಗೆ ಹೋದರೂ ಕೆಲಸ ಮುಗಿದು ಹದಿನೈದು ದಿನ ಬೆಳಬೆಳಿಗ್ಗೆ ಹೋಗಿ, ಆ ಮನೆಯ ಸುತ್ತ, ಪಕ್ಕದ ಮನೆಗಳ ಸುತ್ತ, ನೆಲದಿಂದ ಹೊಗೆಯ ಎಳೆ ಏಳುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ದೇವರ ಮುಂದೆ ಹೆಂಡತಿ ಊದುಬತ್ತಿ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಿದ್ದೆ. "ಇವನು ಅವನ ಬಾವನ ಥರ ಅಲ್ಲ, ಬಲು ಹುಷಾರಿ" ಎಂದು ಒಬ್ಬರು ಇನ್ನೊಬ್ಬರಿಗೆ ನನ್ನ ಮುಂದೆಯೇ ಹೇಳುವರು. ನಾನು ಕೂಲಿ ಇಸಿದುಕೊಂಡು ಬರುತ್ತಿದ್ದೆ. ಬಾವ ಮನೆಗೆ ಬಂದರೆ ನನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುವರು, ಉಂಡು ಹೋಗುವರು. ಅದರ ಮಾತು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ನನಗೆ ಒಂದು ದಾರಿಯಾಗುತ್ತಿತ್ತು.

ಹೀಗೆ ಹದಿನಾಲ್ಕು ವರ್ಷ ಕಳೆಯಿತು. ಒಂದು ದಿನ ಪುಟ್ಟತಾಯಮ್ಮನೇ ಹೇಳಿಕಳಿಸಿದರು. ಗಾಳಿಗೆ ಬಿದ್ದ ನುಗ್ಗೆಮರದ ಬೊಡ್ಡೆ ಕೀಳಬೇಕಿತ್ತು. ಅವರ ಬಲಪಾದ ಸುಟ್ಟು ಮುದುಡಿ, ಎರಡು ಬೆರಳು ಹೋಗಿದ್ದವು. ಮಿಷನ್ನಿಗೆ ಕೈಹಿಡಿ ಹಾಕಿಸಿಕೊಂಡು, ಒಂದು ಕೈಯಲ್ಲಿ ತಿರುಗಿಸುತ್ತ ಒಂದು ಕೈಯಲ್ಲಿ ಬಟ್ಟೆ ನೂಕುತ್ತ ಹೊಲಿಯುತ್ತಿದ್ದರು. ಮೊದಲಿನ ಅರ್ಧ ಕೆಲಸವೂ ಸಾಗುತ್ತಿರಲಿಲ್ಲ.

ನಾನು ಬಗೆಯುತ್ತ ತಲೆಯೆತ್ತಿದಾಗ ಬಚ್ಚಲ ಗೋಡೆಗೆ ಒಟ್ಟಿದ್ದ ಸೌದೆ ಕಂಡಿತು. ಒಂದು ಸಾಲು ಉದ್ದ, ಒಂದು ಸಾಲು ಅಡ್ಡ, ತುದಿಗಳೆಲ್ಲ ಕತ್ತರಿಸಿದಂತೆ ಸಮ. ಹಾಗೆ ಜೋಡಿಸುವವರನ್ನು ನಾನು ಒಬ್ಬರನ್ನೇ ಬಲ್ಲೆ.

"ಇದನ್ಯಾರು ಒಟ್ಟಿದ್ದು ಪುಟ್ಟತಾಯಕ್ಕ?"

"ಇನ್ಯಾರು, ನಿನ್ನ ಬಾವ. ಪ್ರತಿ ಭಾನುವಾರ ಬಂದು ಸೌದೆ ಒಡೆದು ಹೋಯ್ತಾನೆ. ಬರಬ್ಯಾಡ ಅಂದ್ರೂ ಬತ್ತಾನೆ. ಮಾಡಿದ ಪಾಪ ಸೌದೆ ಸೀಳಿದ್ರೆ ಹೋದಾತಾ? ನೀನೇ ವಾಸಿ ಕಣಪ್ಪ, ನೋಡಿ ಮಾಡ್ತೀಯ."

ಹಾರೆ ಕೆಳಗಿಟ್ಟೆ. ಅಲ್ಲೇ ಕೂತು ಹೇಳಿದೆ. ಬೇರು ಕಡಿಯದೆ ಬೆಂಕಿ ಇಟ್ಟದ್ದು, ಕಡಿದೆ ಎಂದು ಸುಳ್ಳಾಡಿದ್ದು, ಹೊಗೆ ಕಂಡದ್ದು. ಅವರು ನಡುವೆ ಒಂದೇ ಸಲ ಬಾಯಿ ಹಾಕಿದರು: "ಅವತ್ತು ನೀರು ಹುಯ್ದೆಯಲ್ಲ, ಅದಾ?"

"ಹೂಂ ಅಕ್ಕ."

"ನಿನ್ನ ಬಾವಂಗೆ ಗೊತ್ತಾ?"

"ನಿಮ್ಮ ಕಾಲು ಸುಟ್ಟ ದಿನಾನೇ ಗೊತ್ತಾಯ್ತು."

ಬೈಯಲಿ, ಗುದ್ದಲಿ ಎತ್ತಿ ಹೊಡೆಯಲಿ ಎಂದು ಕಾಯುತ್ತಿದ್ದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಸೌದೆಯನ್ನು ನೋಡುತ್ತಿದ್ದರು.

"ಒಂದು ಬೇಸಿಗೆ" ಎಂದರು ನಿಧಾನಕ್ಕೆ, "ನಡು ಮಧ್ಯಾಹ್ನ. ಬಾಯಾರ್ತದೆ, ಒಸಿ ನೀರು ಕೊಡ್ತೀರಾ ಅವ್ವ ಅಂದ ನಿನ್ನ ಬಾವ. ಬಾವಿ ಅಲ್ಲೇ ಅದೆ ಅಂದೆ. ಅಂದು, ಬಾವಿ ಹಗ್ಗ ಎತ್ಕೊಂಡು ಒಳಗೆ ಹೋಗಿ ಕದ ಹಾಕ್ಕೊಂಡೆ."

ಅವರು ಈಗ ನನ್ನ ಕಡೆ ತಿರುಗಿದರು.

"ನೀನು ಹೇಳಿ ಭಾರ ಇಳಿಸ್ಕೊಂಡೆ. ನಾನೀಗ ಏನ್ಮಾಡ್ಲಿ?"

ಎದ್ದು, ಕುಂಟುತ್ತ ಬಾವಿಗೆ ಹೋಗಿ ತಾವೇ ನೀರು ಸೇದಿದರು. ಹಿತ್ತಾಳೆ ಚೊಂಬನ್ನು ಬೆಳಗಿ ತೊಳೆದು, ತುಂಬ ನೀರು ಹಿಡಿದು ಬೀದಿಗೆ ಇಳಿದರು. ನಾನು ಹಿಂದೆ ನಡೆದೆ. ಬಲಗಾಲು ಊರಿದಾಗಲೆಲ್ಲ ಚೊಂಬು ಅಲುಗಿ ನೀರು ತುಳುಕುತ್ತಿತ್ತು.

"ಕೊಡಕ್ಕ, ನಾನು ಹಿಡ್ಕೋತೀನಿ."

"ಮುಟ್ಟಬ್ಯಾಡ."

ಮೂರು ಬೀದಿ ದಾಟಿದೆವು. ಬಾವ ಜಗಲಿಯ ಮೇಲೆ ಕೂತು ಗಾಜಿನ ಚೂರಿನಿಂದ ಕೊಡಲಿಯ ಕಾವು ಹೆರೆಯುತ್ತಿದ್ದರು. ತಲೆ ಪೂರಾ ನೆರೆತಿತ್ತು. ಪುಟ್ಟತಾಯಮ್ಮನೇ ಬಾಗಿಲಿಗೆ ಬಂದದ್ದು ಕಂಡು ಗಡಬಡಿಸಿ ಎದ್ದರು. ಪುಟ್ಟತಾಯಮ್ಮ ಎರಡೂ ಕೈಯಲ್ಲಿ ಚೊಂಬು ಚಾಚಿದರು.

"ನೀರು. ತಗೊಳ್ಳಿ."

ಅದುವರೆಗೆ ಅವರು ಬಾವನನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಬಾವ ಚೊಂಬನ್ನು ನೋಡಿದರು, ಅವರ ಭುಜದ ಮೇಲಿಂದ ನನ್ನನ್ನು ನೋಡಿದರು.

"ಹೇಳ್ಬಿಟ್ಯಾ?" ಎಂದರು. ಆ ದನಿಯಲ್ಲಿ ಕೋಪವಿರಲಿಲ್ಲ, ಸಮಾಧಾನವೂ ಇರಲಿಲ್ಲ. "ಯಾಕಪ್ಪ ಹೇಳಾಕೋದೆ? ಅವ್ವಂಗೆ ಕಾಲಿನ ನೋವೇ ಸಾಲ್ದಾಗಿತ್ತಾ?"

ಪುಟ್ಟತಾಯಮ್ಮ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಬಾವ ಚೊಂಬು ಇಸಿದುಕೊಂಡರು. ದಾರಿಯಲ್ಲಿ ತುಳುಕಿ ಮುಕ್ಕಾಲು ಉಳಿದಿತ್ತು. ಅವರು ತಲೆ ಹಿಂದಕ್ಕೆ ಚೆಲ್ಲಿ, ಎತ್ತಿ ಹಿಡಿದು, ಒಂದು ಹನಿಯನ್ನೂ ಹೊರಗೆ ಬಿಡದೆ ಕುಡಿಯತೊಡಗಿದರು. ಮುಪ್ಪು ಹತ್ತಿದ ಆ ಗಂಟಲಿನ ಗಂಟು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ನಾವಿಬ್ಬರೂ ಬಿಸಿಲಲ್ಲಿ ನಿಂತಿದ್ದೆವು.