ಬಾಗಿಲು ತೆರೆಯದ ನಿಲುಗಡೆ

ರೈಲು ನಿಲ್ಲುತ್ತದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ಅದು ನಮ್ಮ ಪಟಾಕಿಯ ಊರಿನ ನಿಲ್ದಾಣ ಆಗಿರದಿದ್ದರೆ ನಾನೂ ನಗುತ್ತಿದ್ದೆನೇನೋ.

ಪಟಾಕಿ ನನ್ನ ಅಕ್ಕನ ಮಗಳು. ಹುಟ್ಟಿನಿಂದ ಕಿವಿ ಕೇಳಿಸದು. ಬಾಯಿಂದ ಮಾತು ಬರದು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಆ ಹೆಸರಿಟ್ಟವಳು ನಾನು. ಸಿಟ್ಟು ಕೊಟ್ಟವಳೂ ನೀನೇ ಎಂದು ಅಕ್ಕ ಹೇಳುತ್ತಾಳೆ. ಅವರ ಊರು ಇರುವುದು ಗಡಿಯ ಈಚೆ ದಡದಲ್ಲಿ. ಎದುರಿಗೆ ನದಿ, ನದಿಯ ಮೇಲೆ ಸೇತುವೆ, ಸೇತುವೆ ದಾಟಿದರೆ ಬೇರೆ ದೇಶ. ಅಲ್ಲಿನ ದೊಡ್ಡ ಪಟ್ಟಣದಲ್ಲಿ ಕಿವುಡು ಮಕ್ಕಳ ಶಾಲೆ ಇದೆ. ನಮ್ಮ ಕಡೆ ಅಂಥ ಶಾಲೆ ಬೇಕೆಂದರೆ ರಾಜಧಾನಿಗೇ ಬರಬೇಕು, ಮಗುವನ್ನು ಹಾಸ್ಟೆಲ್ಲಿನಲ್ಲಿ ಬಿಡಬೇಕು. ಹಾಗಾಗಿ ದಿನಾ ಬೆಳಿಗ್ಗೆ ಪಟಾಕಿ ಗಡಿ ದಾಟುವ ಪಾಸನ್ನು ಕೊರಳಿಗೆ ನೇತುಹಾಕಿಕೊಂಡು ನಿಧಾನದ ರೈಲು ಹತ್ತುತ್ತಾಳೆ. ಅಕ್ಕ ಹತ್ತಿಸುತ್ತಾಳೆ, ಗಾರ್ಡು ನೋಡಿಕೊಳ್ಳುತ್ತಾನೆ, ಆ ಕಡೆ ಟೀಚರು ಇಳಿಸಿಕೊಳ್ಳುತ್ತಾರೆ. ಶಾಲೆಗೆ ಸೇರಿದ ಮೇಲೆ ಅವಳ ಕೈಗಳಿಗೆ ಮಾತು ಬಂತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದೂ ಬಂತು. ಅದಕ್ಕೆ ಮುಂಚೆ ಏನಾದರೂ ಬೇಕಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನಿರುವುದು ರಾಜಧಾನಿಯಲ್ಲಿ, ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ. ನಮ್ಮನ್ನು ಕಚೇರಿಯಲ್ಲಿ ಗೆರೆ ಎಳೆಯುವವರು ಎನ್ನುತ್ತಾರೆ. ಒಂದೊಂದು ರೈಲಿಗೂ ಒಂದೊಂದು ಓರೆ ಗೆರೆ. ಎರಡು ಗೆರೆ ಒಂದೇ ಹಳಿಯ ಮೇಲೆ ಒಂದೇ ಹೊತ್ತಿಗೆ ಸೇರಬಾರದು, ಅಷ್ಟೇ ನಮ್ಮ ವೇದಾಂತ. ಎರಡು ದೇಶಗಳ ನಡುವೆ ಓಡಲಿರುವ ಹೊಸ ವೇಗದ ರೈಲು ನನ್ನ ಮೇಜಿನದು. ನಿಧಾನದ ಗಾಡಿಗಳು ಪಕ್ಕದ ಮೇಜಿನವರವು.

ಅಕ್ಕ ಫೋನ್ ಮಾಡಿದಾಗ ನಾನು ಊಟಕ್ಕೆ ಎದ್ದಿದ್ದೆ.

"ಏನೇ, ಮುಂದಿನ ತಿಂಗಳಿಂದ ನಮ್ಮ ಬೆಳಗಿನ ಗಾಡಿ ಸೇತುವೆ ದಾಟಲ್ವಂತೆ? ಸ್ಟೇಷನ್ನಲ್ಲಿ ಬೋರ್ಡ್ ಹಾಕಿದ್ದಾರೆ."

"ಹುಚ್ಚಾ ಅಕ್ಕ? ಅದನ್ನ ಆಚೆಯವರು ಓಡಿಸ್ತಾರೆ. ನಮ್ಮ ಗಾಡಿ ಬದಲು ಅವರ ಗಾಡಿ ಬರುತ್ತೆ, ಅಷ್ಟೇ."

"ಸರಿಯಾಗಿ ವಿಚಾರಿಸು. ನಿಮ್ಮ ಕಚೇರಿಯೋರನ್ನ ನಂಬೋಕಾಗಲ್ಲ."

ಊಟ ಬಿಟ್ಟು ಆಚೆಯಣ್ಣನಿಗೆ ಫೋನ್ ಮಾಡಿದೆ. ಗಡಿಯಾಚೆಯ ಕಚೇರಿಯಲ್ಲಿ ನನ್ನದೇ ಕೆಲಸ ಮಾಡುವ ಹಿರಿಯರು ಅವರು, ನಿವೃತ್ತಿ ಹತ್ತಿರದಲ್ಲಿದೆ. ವರ್ಷಗಟ್ಟಲೆ ಫೋನಿನಲ್ಲೇ ಮಾತಾಡಿ ಅಣ್ಣ ಆಗಿಹೋಗಿದ್ದಾರೆ.

"ಅಣ್ಣಾ, ಬೆಳಗಿನ ನಿಧಾನದ ಗಾಡೀನ ಸೇತುವೆ ಮೇಲೆ ನೀವೇ ತಾನೆ ಓಡಿಸೋದು?"

"ನಾವಾ? ನೀವಲ್ವೇನಮ್ಮಾ?"

"ನಮ್ಮೋರು ಗಡಿ ಊರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಅಲ್ಲಿಂದ ಮುಂದೆ ನಿಮ್ಮದು ಅಂತ."

"ಅಯ್ಯೋ ದೇವರೇ! ನಮ್ಮೋರೂ ಈ ದಡದಲ್ಲೇ ನಿಲ್ಲಿಸಿದ್ದಾರಲ್ಲ. ಸೇತುವೆ ನಿಮ್ಮದು ಅಂತ!"

ಇಂಥ ತಪ್ಪು ಮಾಡಲು ನಮ್ಮಂಥ ಗೆರೆ ಎಳೆಯುವವರನ್ನು ಬಿಟ್ಟು ಬೇರೆ ಯಾರಿಗೂ ಬರಲಾರದು. ಅವರವರ ಗೆರೆ ಸೇತುವೆಯ ನಡುಮಧ್ಯದವರೆಗೆ. ಅದರಾಚೆ ಇನ್ನೊಂದು ಮನೆಯವರ ವಿಷಯ, ಕೈ ಹಾಕಬಾರದು. ಇದಕ್ಕೆ ನಾವು ಇಟ್ಟಿರುವ ಹೆಸರು ಮರ್ಯಾದೆ. ಈ ಮರ್ಯಾದೆಯಲ್ಲಿ ವೇಳಾಪಟ್ಟಿಯಿಂದ ಒಂದು ಇಡೀ ರೈಲು ನದಿಗೆ ಬಿದ್ದಿತ್ತು, ಒಬ್ಬರಿಗೂ ಸದ್ದು ಕೇಳಿಸಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ, ಬರೀ ನಯ ವಿನಯ.

ಮತ್ತೆ ಸೇರಿಸಿಬಿಡೋಣ ಎಂದರೆ ಜಾಗ ಎಲ್ಲಿದೆ? ಸೇತುವೆಯ ಮೇಲೆ ಒಂದೇ ಹಳಿ. ಬೆಳಗಿನ ಹೊತ್ತನ್ನು ಹೊಸ ರೈಲಿಗೆ ಕೊಟ್ಟಾಗಿದೆ. ಆಗ ನನಗೊಂದು ವಿಷಯ ಹೊಳೆಯಿತು. ಹೊಸ ರೈಲು ಹೇಗಿದ್ದರೂ ಅಕ್ಕನ ಊರಲ್ಲಿ ನಿಲ್ಲುತ್ತದೆ! ನಮ್ಮ ಚಾಲಕನಿಗೆ ಆಚೆಯ ಸಿಗ್ನಲ್ ಗೊತ್ತಿಲ್ಲ, ಅವರ ಚಾಲಕನಿಗೆ ನಮ್ಮದು ಗೊತ್ತಿಲ್ಲ. ಹಾಗಾಗಿ ಇವನು ಇಳಿದು ಅವನು ಹತ್ತಬೇಕು. ನಿಲ್ಲುವುದೂ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ. ಅಲ್ಲಿಂದ ಹೊರಟರೆ ಮುಂದಿನ ನಿಲುಗಡೆ ಪಟಾಕಿಯ ಶಾಲೆಯ ಪಟ್ಟಣ. ಬಾಗಿಲೊಂದು ತೆರೆದರೆ ಸಾಕು, ಎಲ್ಲ ಮುಗಿಯಿತು.

ಕುಣಿಯುತ್ತಾ 'ನೋಡೋಣ' ಸಾಹೇಬರ ಕೋಣೆಗೆ ಹೋದೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಕಚೇರಿ ಇಟ್ಟ ಹೆಸರದು. ರಜೆ ಕೇಳಿದರೆ ನೋಡೋಣ, ಫ್ಯಾನು ಕೆಟ್ಟಿದೆ ಎಂದರೆ ನೋಡೋಣ, ಕಚೇರಿಗೆ ಬೆಂಕಿ ಬಿದ್ದಿದೆ ಎಂದರೂ ನೋಡೋಣ ಎನ್ನುವ ಆಸಾಮಿ. ಅವರ ಹಿಂದಿನ ಗೋಡೆಯಲ್ಲಿ ಹೊಸ ರೈಲಿನ ಪೋಸ್ಟರು: ಬೆಳ್ಳಗಿನ ಮೂತಿ, ಕೆಳಗೆ 'ರಾಜಧಾನಿಯಿಂದ ಗಡಿಯಾಚೆಗೆ, ನಡುವೆ ಎಲ್ಲೂ ನಿಲ್ಲದೆ!'

ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ಬಾಗಿಲು ತೆಗೆದ್ರೆ ಅದು ನಿಲುಗಡೆ ಆಗುತ್ತಲ್ಲಮ್ಮಾ."

"ಈಗಲೂ ನಿಲ್ಲುತ್ತೆ ಸಾರ್."

"ನಿಲ್ಲುತ್ತೆ. ಆದ್ರೆ ಜನರ ಲೆಕ್ಕಕ್ಕೆ ನಿಲ್ಲಲ್ಲ. ಅದು ತಾಂತ್ರಿಕ ನಿಲುಗಡೆ. ಪೋಸ್ಟರ್‌ನಲ್ಲಿ ಎಲ್ಲೂ ನಿಲ್ಲದೆ ಅಂತ ಅಚ್ಚು ಹಾಕಿಸಿದ್ದೀವಿ."

"ಹಾಗಾದ್ರೆ ಪೋಸ್ಟರ್ ಸುಳ್ಳು ಹೇಳ್ತಿದೆ ಸಾರ್."

"ಪಾಸ್‌ಪೋರ್ಟ್ ತಪಾಸಣೆ?"

"ಓಡೋ ರೈಲಿನೊಳಗೇ ಮಾಡ್ತಾರೆ ಸಾರ್. ನೀವೇ ಸಹಿ ಹಾಕಿದ್ದೀರಿ."

"ಆಚೆಯವರು ಒಪ್ಪಬೇಕಲ್ಲ."

"ಕೇಳಿ ಸಾರ್!"

"ಮೊದಲು ಅವರು ಕೇಳಲಿ. ನಾವೇ ಹೋಗಿ ಕೇಳಿದ್ರೆ ಸಣ್ಣವರಾಗ್ತೀವಿ. ನೋಡೋಣ."

ಪಿತ್ತ ನೆತ್ತಿಗೇರಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಒಂದು ಪೋಸ್ಟರಿನ ಮಾನ ಉಳಿಸಲು ಒಂದು ಊರಿನ ಮುಖಕ್ಕೆ ಬಾಗಿಲು ಹಾಕುತ್ತಾರಂತೆ. ಹೊರಗೆ ಬಂದು ಆಚೆಯಣ್ಣನಿಗೆ ಫೋನ್ ಮಾಡಿದರೆ ಅವರ ಸಾಹೇಬರದೂ ಅದೇ ರಾಗ. ಮೊದಲು ನಾವು ಕೇಳಬೇಕಂತೆ. ನಾನು ಹಲ್ಲು ಕಡಿದ ಸದ್ದು ಅವರಿಗೆ ಫೋನಿನಲ್ಲಿ ಕೇಳಿಸಿರಬೇಕು. "ನಂಗೂ ಇಬ್ರು ಮೊಮ್ಮಕ್ಕಳಿದ್ದಾರೆ ಕಣಮ್ಮಾ, ಏನ್ ಮಾಡ್ಲಿ ಹೇಳು" ಎಂದರು. ನನಗೆ ಅವರ ಮೇಲೂ ರೇಗಿತು. ಏನು ಮಾಡಲಿ ಎಂದು ಕೇಳುವವರೇ ಎಲ್ಲರೂ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಾಳೆ. ಭಾವ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದೇ ಅಪರೂಪ. ನಾನು ಒಳಗೆ ಕಾಲಿಟ್ಟಾಗ ಅಕ್ಕ ನೆಲದ ಕೂದಲು ಗುಡಿಸುತ್ತಿದ್ದಳು. ಪೊರಕೆ ಕೆಳಗಿಡಲಿಲ್ಲ.

"ನೀನು ಅಲ್ಲಿ ಕೂತು ಏನ್ ಮಾಡ್ತಿದ್ದೆ? ನಿನ್ನ ಕಣ್ಣೆದುರಿಗೇ ನನ್ನ ಮಗಳ ರೈಲು ಕಿತ್ತುಕೊಂಡ್ರಲ್ಲೇ!"

"ಅಕ್ಕ, ಅದು ನನ್ನ ಮೇಜಿಂದಲ್ಲ..."

"ಮೇಜಂತೆ ಮೇಜು! ನಿನ್ನ ಮೇಜಿಗೆ ಬೆಂಕಿ ಬೀಳ. ಹಾಸ್ಟೆಲ್‌ಗೆ ಹಾಕು ಅಂತೀಯಾ? ದೀಪ ಆರಿಸಿದ ಮೇಲೆ ಅವಳ ಹತ್ರ ಯಾರು ಮಾತಾಡ್ತಾರೆ? ಕತ್ತಲಲ್ಲಿ ಕೈ ಕಾಣುತ್ತೇನೇ? ಇಲ್ಲಿ ಆದ್ರೆ ನಾನು ಅವಳ ಅಂಗೈ ಮೇಲೆ ಬರೆದು ಬರೆದು ಮಲಗಿಸ್ತೀನಿ."

ಬೈಯುತ್ತಾ ಬೈಯುತ್ತಾ ಅಕ್ಕ ಅತ್ತಳು. ಅತ್ತಿದ್ದಕ್ಕೆ ಸಿಟ್ಟು ಬಂದು ಮತ್ತೆ ಗುಡಿಸಿದಳು. ಪಟಾಕಿ ಕನ್ನಡಿಯ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲೇ ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದಳು. ಆಮೇಲೆ ಕುರ್ಚಿ ತಿರುಗಿಸಿ ಕೈಯಲ್ಲಿ ಕೇಳಿದಳು: ಹೊಸ ರೈಲು ನಮ್ಮೂರಲ್ಲಿ ನಿಲ್ಲುತ್ತಾ ಚಿಕ್ಕಮ್ಮ?

ನಿಲ್ಲುತ್ತೆ, ಎಂದೆ.

ಹಾಗಾದರೆ ಅಮ್ಮ ಯಾಕೆ ಅಳ್ತಾಳೆ?

ನಿಂತರೂ ಬಾಗಿಲು ತೆಗೆಯಲ್ಲ ಎಂದು ಕೈಯಲ್ಲಿ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ತಪ್ಪಾಗಿ ಕೈ ಆಡಿಸಿದೆ ಎಂದುಕೊಂಡು ನನ್ನ ಬೆರಳು ಹಿಡಿದು ತಿದ್ದಿದಳು: ನಿಲ್ಲುತ್ತೆ, ತೆಗೆಯುತ್ತೆ. ಹೀಗೆ ಹೇಳಬೇಕು ಚಿಕ್ಕಮ್ಮ. ದೊಡ್ಡ ದೊಡ್ಡ ಸಾಹೇಬರಿಗೆ ಹೊಳೆಯದ ವಿಷಯ ಮಗುವಿಗೆ ವ್ಯಾಕರಣದಷ್ಟು ಸಹಜವಾಗಿತ್ತು.

ಅದಾದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಕಂಡಕಂಡವರ ಬಾಗಿಲು ತಟ್ಟಿದೆ. ಒಬ್ಬರು ಒಳ್ಳೆಯ ವಿಚಾರ ಎಂದರು, ಇನ್ನೊಬ್ಬರು ಬಹಳ ಒಳ್ಳೆಯ ವಿಚಾರ ಎಂದರು. ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಬಂದೆ. ಎಲ್ಲ ಕಾಗದವೂ ಕೊನೆಗೆ ನೋಡೋಣ ಸಾಹೇಬರ ಮೇಜಿಗೇ ಬಂದು ಬೀಳುತ್ತಿತ್ತು.

ತಿಂಗಳ ಕೊನೆಯ ದಿನ ಪರೀಕ್ಷಾ ಓಟ, ಮರುದಿನದಿಂದಲೇ ಹೊಸ ವೇಳಾಪಟ್ಟಿ. ಎರಡೂ ದೇಶದ ಅಧಿಕಾರಿಗಳು, ಕ್ಯಾಮೆರಾದವರು, ಹೊಸ ಬಟ್ಟೆಯ ಅತಿಥಿಗಳು. ವೇಳಾಪಟ್ಟಿ ಮಾಡಿದವಳು ಎಂದು ನನಗೂ ಒಂದು ಸೀಟು. ಆಚೆಯಣ್ಣನನ್ನು ಮೊದಲ ಸಲ ಮುಖಾಮುಖಿ ನೋಡಿದೆ: ಗಿಡ್ಡ ಆಳು, ದೊಡ್ಡ ಕಿವಿ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಓಟ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ನಯವಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಅಕ್ಕನ ಊರು ಬರುವವರೆಗೆ ಮಾತ್ರ.

ಈ ಓಟಕ್ಕೆ ದಾರಿ ಬಿಡಲೆಂದು ಅವತ್ತಿನ ನಿಧಾನದ ಗಾಡಿಯನ್ನು ರದ್ದು ಮಾಡಿದ್ದರು. ಪ್ಲಾಟ್‌ಫಾರ್ಮಿನ ತುಂಬ ಜನ. ರೈಲು ಹಿತವಾಗಿ ನಿಂತಿತು. ಮುಂದೆ ನಮ್ಮ ಚಾಲಕ ತನ್ನ ಪುಟ್ಟ ಬಾಗಿಲಿನಿಂದ ಇಳಿದ, ಅವರ ಚಾಲಕ ಹತ್ತಿದ. ಅವರಿಬ್ಬರಿಗೆ ಬಾಗಿಲಿದೆ, ಊರಿಗೆ ಇಲ್ಲ. ಒಬ್ಬ ಮುದುಕ ನಮ್ಮ ಬೋಗಿಯ ಬಾಗಿಲನ್ನು ಕೈಯಿಂದ ತಟ್ಟಿ ನೋಡಿದ. ಒಳಗಿನ ಅತಿಥಿಗಳು ಅವನಿಗೆ ಕೈ ಬೀಸಿ ನಕ್ಕರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು.

ಜನರ ನಡುವೆ ಅಕ್ಕ ಕಂಡಳು. ಅವಳ ಮುಂದೆ ಚೀಲ ಬೆನ್ನಿಗೆ ಹಾಕಿಕೊಂಡು, ಪಾಸು ಕೊರಳಿಗೆ ಹಾಕಿಕೊಂಡು ಪಟಾಕಿ. ಕಿಟಕಿಯಲ್ಲಿ ನನ್ನನ್ನು ನೋಡಿದ್ದೇ ಓಡಿ ಬಂದಳು. ಹೊರಗೆ ಜನ ಏನೇನೋ ಕೂಗುತ್ತಿದ್ದರು, ಒಳಗೆ ಒಂದಕ್ಷರ ಕೇಳುತ್ತಿರಲಿಲ್ಲ. ಅಷ್ಟು ದಪ್ಪ ಗಾಜು. ನನಗೂ ಅವಳಿಗೂ ಮಾತ್ರ ಆ ಗಾಜು ಲೆಕ್ಕಕ್ಕಿರಲಿಲ್ಲ.

ಇವತ್ತು ಶಾಲೇಲಿ ನಾನು ಕಥೆ ಹೇಳಬೇಕು, ಎಂದವು ಅವಳ ಕೈಗಳು. ತೆಗಿ ಚಿಕ್ಕಮ್ಮ.

ನಾನು ನೋಡೋಣ ಸಾಹೇಬರ ಕಡೆ ತಿರುಗಿದೆ. "ಸಾರ್, ಇದೇ ನಾನು ಹೇಳಿದ ಮಗು. ತೆಗೆಸಿ."

"ಏನಮ್ಮಾ ಇದು, ಎಲ್ಲರ ಎದುರಿಗೆ... ಮುಂದಿನ ಸಭೇಲಿ ನೋಡೋಣ."

ನನಗೆ ಆಮೇಲೆ ಏನೂ ಕೇಳಿಸಲಿಲ್ಲ. ಬಾಗಿಲ ಪಕ್ಕದ ಕೆಂಪು ಹಿಡಿಯ ಮುಚ್ಚಳ ಒಡೆದು, ಹಿಡಿಯನ್ನು ಎರಡೂ ಕೈಯಿಂದ ಎಳೆದೆ. ಉಸ್ಸೆಂದು ಬಾಗಿಲು ಸರಿಯಿತು. ಎಲ್ಲ ಬೋಗಿಗಳಲ್ಲಿ ಎಚ್ಚರಿಕೆಯ ಗಂಟೆ ಕಿರುಚಿತು. ಪಟಾಕಿಗೆ ಅದೊಂದೂ ಇಲ್ಲ. ದಿನಾ ಹತ್ತುವ ಹಾಗೆ ಹತ್ತಿ, ಖಾಲಿ ಸೀಟು ಹುಡುಕಿ, ಸಾಹೇಬರ ಎದುರಿಗೇ ಹೋಗಿ ಕೂತಳು.

"ಯಾರು ತೆಗೆದದ್ದು?" ಎಂದು ರೈಲಿನ ಮೇಲ್ವಿಚಾರಕ ಓಡಿ ಬಂದ.

"ನಾನೇ. ಬರ್ಕೊಳ್ಳಿ."

"ನಿಮಗೆ ತಲೆ ನೆಟ್ಟಗಿದೆಯಾ?" ಸಾಹೇಬರು ಎದ್ದು ನಿಂತಿದ್ದರು. "ಇಳಿಸ್ರೀ ಆ ಮಗೂನ! ಆಚೆಯವರು ಏನಂದ್ಕೊಂಡಾರು?"

ಹಿಂದಿನ ಸೀಟಿನಿಂದ ಒಂದು ಕೆಮ್ಮು ಕೇಳಿಸಿತು. ಆಚೆಯಣ್ಣ ಎದ್ದರು.

"ಆಚೆಯವನು ನಾನಿದ್ದೀನಲ್ಲ ಸ್ವಾಮಿ. ಪಾಸು ಅವಳ ಕೊರಳಲ್ಲೇ ಇದೆ, ನಮ್ಮ ದೇಶದ್ದೇ ಮುದ್ರೆ. ನಮ್ಮ ಕಡೆಯಿಂದ ಅಡ್ಡಿ ಇಲ್ಲ. ಮೊದಲು ನಾವೇ ಹೇಳಿದ್ವಿ ಅಂತ ಇಟ್ಕೊಳ್ಳಿ."

ಆಚೆ ಕಡೆಯ ಸಾಹೇಬರು ಅವರನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಕ್ಯಾಮೆರಾಗಳೆಲ್ಲ ಪಟಾಕಿಯ ಮುಖಕ್ಕೆ ತಿರುಗಿದ್ದವು. ಅವಳು ಚೀಲ ತೊಡೆಯ ಮೇಲಿಟ್ಟುಕೊಂಡು ಇಡೀ ಬೋಗಿಯನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಕ್ಯಾಮೆರಾದ ಎದುರಿಗೆ ಮಗುವನ್ನು ಇಳಿಸಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಮೇಲ್ವಿಚಾರಕ ಕೀಲಿ ತಿರುಗಿಸಿ ಬಾಗಿಲು ಹಾಕಿದ. ಹೊರಗೆ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಸೇತುವೆ ಬಂತು. ನನ್ನ ಕೆಲಸ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹೋಗಲಿ. ಸಿಟ್ಟು ಇಳಿದಿರಲಿಲ್ಲ. ಒಂದು ಮಗುವನ್ನು ಒಂದು ದಿನ ಶಾಲೆಗೆ ಕಳಿಸಲು ಇಷ್ಟು ಮುರಿಯಬೇಕಾಯಿತಲ್ಲ ಎಂದು ಇನ್ನೂ ಏರುತ್ತಿತ್ತು.

ಪಟಾಕಿ ನನ್ನ ತೋಳು ತಟ್ಟಿ ಕೇಳಿದಳು: ನಾಳೆ?

"ಸಾರ್," ಎಂದೆ ನಾನು, ಎಲ್ಲರಿಗೂ ಕೇಳುವಂತೆ. "ನಾಳೆ ಏನು ಅಂತ ಕೇಳ್ತಿದ್ದಾಳೆ. ಏನು ಹೇಳಲಿ?"

ಸಾಹೇಬರು ಕ್ಯಾಮೆರಾ ನೋಡಿದರು, ಕರವಸ್ತ್ರದಿಂದ ಹಣೆ ಒರೆಸಿಕೊಂಡರು, ಮಗುವಿಗೆ ಒಂದು ನಗು ಕೊಟ್ಟರು.

"ನೋಡೋಣ."

ಅದನ್ನು ಕೈಯಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಪಟಾಕಿ ಅವರ ತುಟಿಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಹಾಗೇ ನೋಡಿ, ಸೀಟಿನಿಂದ ಜಾರಿ ಇಳಿದು, ಬಾಗಿಲ ಹತ್ತಿರ ಹೋಗಿ, ನಾನು ಎಳೆದ ಕೆಂಪು ಹಿಡಿಯನ್ನು ಬೆರಳಿನಿಂದ ಮುಟ್ಟಿದಳು. ತಿರುಗಿ ನನ್ನನ್ನು ಕೇಳಿದಳು: ಹೊರಗಡೆಯೂ ಇಂಥದ್ದು ಇದೆಯಾ?

ಇದೆ. ಅಪಘಾತವಾದರೆ ಹೊರಗಿನವರು ತೆಗೆಯಲೆಂದು ಪ್ರತಿ ಬೋಗಿಗೂ ಒಂದು ಇಟ್ಟಿರುತ್ತಾರೆ.

ಸಾಹೇಬರ ಎದುರಿಗೇ, ಕೈ ಎತ್ತಿ, ಅದು ಬಾಗಿಲ ಯಾವ ಪಕ್ಕದಲ್ಲಿದೆ, ಎಷ್ಟು ಎತ್ತರದಲ್ಲಿದೆ, ಹೇಗೆ ಎಳೆಯಬೇಕು ಎಂದು ಅವಳಿಗೆ ತೋರಿಸಿಕೊಟ್ಟೆ.